ಪ್ರತಿಕ್ರಿಯೆ: ಡುರಾನ್ ಅಂದ್ರೆ ಬರೀ 'ನೊ ಮಾಸ್' ಅಲ್ಲ

"1980ರಲ್ಲಿ ಲಿಯೊನಾರ್ಡ್ ಎದುರು ಅರ್ಧಕ್ಕೇ ಕೈಬಿಟ್ಟವನನ್ನು ಲೈಟ್‌ವೆಯ್ಟ್‌ನ ದೊಡ್ಡ ಬಾಕ್ಸರ್ ಅಂತ ಯಾಕೆ ಹೊಗಳುತ್ತಾರೆ?" ಎಂದು ಪನಾಮದ ಬಾಕ್ಸರ್ ರೊಬೆರ್ಟೊ ಡುರಾನ್ ಬಗ್ಗೆ ಕೇಳಿದ್ದೀರಿ. 'ನೊ ಮಾಸ್' (ಸ್ಪ್ಯಾನಿಷ್‌ನಲ್ಲಿ 'ಇನ್ನು ಸಾಕು') ಅಂತ ಹೆಸರಾದ ಆ ಪಂದ್ಯ ವೆಲ್ಟರ್‌ವೆಯ್ಟ್‌ನದು, ಅಂದ್ರೆ ಇನ್ನೂ ಭಾರದ ತೂಕದ ವರ್ಗದ್ದು. ಡುರಾನ್‌ನ ನಿಜವಾದ ಮನೆ ಲೈಟ್‌ವೆಯ್ಟ್: ಹೆಚ್ಚೆಂದರೆ 135 ಪೌಂಡ್, ಅಂದ್ರೆ ಸುಮಾರು 61 ಕಿಲೋ.

1972ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಆಗಿನ ಚಾಂಪಿಯನ್ ಕೆನ್ ಬುಕಾನನ್‌ನನ್ನು ಸೋಲಿಸಿ ಲೈಟ್‌ವೆಯ್ಟ್ ಚಾಂಪಿಯನ್ ಆದ. 13ನೇ ಸುತ್ತಿನ ಕೊನೆಯ ಏಟು ಸೊಂಟದ ಕೆಳಗೆ ಬಿತ್ತು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ನನ್ನ ಪ್ರಕಾರ ಆ ದೂರಿನಲ್ಲಿ ಹುರುಳಿದೆ. ಆದರೆ ಅಲ್ಲಿವರೆಗೆ ಡುರಾನೇ ಮುಂದಿದ್ದ.

ನೀವು ನೋಡಬೇಕಾದ್ದು ಎಸ್ತೆಬಾನ್ ಡಿ ಹೆಸುಸ್ ಜೊತೆಗಿನ ಮೂರು ಪಂದ್ಯ. 1972ರಲ್ಲಿ ಮೊದಲ ಸುತ್ತಿನಲ್ಲೇ ಎಡಗೈ ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಏಟು) ತಿಂದು ಡುರಾನ್ ನೆಲಕ್ಕೆ ಬಿದ್ದ, ಪಂದ್ಯವನ್ನೂ ಸೋತ; ಆದರೆ ಅದು ಪಟ್ಟಕ್ಕಾಗಿ ನಡೆದ ಪಂದ್ಯ ಅಲ್ಲ. 1974ರಲ್ಲಿ ಮತ್ತೆ ಮೊದಲ ಸುತ್ತು, ಮತ್ತೆ ಅದೇ ಹುಕ್, ಮತ್ತೆ ನೆಲ! ಈ ಸಲ ಎದ್ದು, ಸುಮ್ನೆ ಕೈ ಬೀಸದೆ ಹೊಟ್ಟೆ, ಪಕ್ಕೆಗೆ ಗುದ್ದುತ್ತಾ ಹೋಗಿ 11ನೇ ಸುತ್ತಿನಲ್ಲಿ ನಾಕ್‌ಔಟ್ ಮಾಡಿದ. 1978ರಲ್ಲಿ 12ನೇ ಸುತ್ತಿನಲ್ಲಿ ಮುಗಿಸಿದ.

ಪಟ್ಟವನ್ನು 12 ಸಲ ಉಳಿಸಿಕೊಂಡ. ಲೈಟ್‌ವೆಯ್ಟ್ ಪಟ್ಟವನ್ನು ರಿಂಗಿನಲ್ಲಿ ಯಾರಿಗೂ ಸೋಲಲಿಲ್ಲ, ತಾನಾಗಿಯೇ ಬಿಟ್ಟುಕೊಟ್ಟ. ಮೊದಲು 1974ರ ಪಂದ್ಯ ನೋಡಿ, ಆಮೇಲೆ ಜಗಳ ಆಡೋಣ.