ಸ್ಟೇಜ್ ಕೀಬೋರ್ಡ್‌ನಲ್ಲಿ ಹ್ಯಾಮಂಡ್ ಟೋನ್ ಹಾಕಿದರೂ ಆರ್ಗನ್ ಥರ ಕೇಳಿಸುವುದಿಲ್ಲ, ಯಾಕೆ?

ಹೆಚ್ಚಿನ ಸಲ ತಪ್ಪು ಟೋನಿನದಲ್ಲ, ಪಿಯಾನೋಗೆ ಒಗ್ಗಿದ ಕೈಯದು. ಹ್ಯಾಮಂಡ್ ಎಂಬ ಎಲೆಕ್ಟ್ರಿಕ್ ಆರ್ಗನ್‌ನಲ್ಲಿ ಕೀ ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ಏರಿಳಿತವೆಲ್ಲ ಎಕ್ಸ್‌ಪ್ರೆಶನ್ ಪೆಡಲ್‌ನಿಂದ. ಸಸ್ಟೇನ್ ಪೆಡಲ್ ಮುಟ್ಟಲೇಬೇಡಿ, ಕಾರ್ಡುಗಳು ಕಲಸುಮೇಲೋಗರ ಆಗುತ್ತವೆ. ಸ್ವರ ಹಿಡಿದುಕೊಂಡೇ ಬೆರಳು ಬದಲಿಸಿ.

ಟೋನ್ ಹೊಂದಿಸಲು ಎಳೆಯುವ ಒಂಬತ್ತು ಡ್ರಾಬಾರ್‌ಗಳಲ್ಲಿ ಎಡಗಡೆಯ ಮೂರನ್ನು ಪೂರ್ತಿ 8ಕ್ಕೆ ಎಳೆದು, ಉಳಿದವನ್ನು ಒಳಗೆ ತಳ್ಳಿ: 88 8000 000. ಸ್ವರದ ಶುರುವಿಗೆ ‘ಟಕ್’ ಎನ್ನುವ ಸದ್ದು ಕೊಡುವ ಪರ್ಕಶನ್ ಅನ್ನು ಥರ್ಡ್, ಫಾಸ್ಟ್, ಸಾಫ್ಟ್‌ಗೆ ಇಟ್ಟು ಸೇರಿಸಿದರೆ ಜಾಜ್ ಸೋಲೋಗೆ ಸಾಕು. ಆ ‘ಟಕ್’ ಎಲ್ಲ ಕೀ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ಬರುತ್ತದೆ. ಕೀಬೋರ್ಡ್ ಕೆಟ್ಟಿಲ್ಲ, ಹಳೆಯ ಹ್ಯಾಮಂಡ್ ಬಿ-3 ಕೂಡ ಹಾಗೇ. ಬೇಸ್ ಗಿಟಾರ್ ಜೊತೆಗಿದ್ದರೆ ಮೊದಲ ಡ್ರಾಬಾರ್ ತಗ್ಗಿಸಿ. ಲೆಸ್ಲಿ (ತಿರುಗುವ ಸ್ಪೀಕರ್‌ನ ಎಫೆಕ್ಟ್) ನಿಧಾನದಲ್ಲಿರಲಿ, ಉದ್ದ ಕಾರ್ಡ್ ಹಿಡಿದಾಗ ವೇಗಕ್ಕೆ ಬದಲಿಸಿ.