ಆ ‘ಸೊನ್ನೆ’ಯನ್ನು ನಂಬಬೇಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: “ಮಾವನವರಿಗೆ 78. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿದೆ. ಆಸ್ಪತ್ರೆಗೆ ಸೇರಿಸಿದ ಮೂರನೇ ರಾತ್ರಿಯಿಂದ ಹೊದಿಕೆ ಕಿತ್ತು ಹಾಕುತ್ತಾರೆ, ದನ ಬಿಟ್ಟುಕೊಂಡಿದೆ ಎಂದು ಏಳಲು ಹೋಗುತ್ತಾರೆ. ನೋವು ಹತ್ತಕ್ಕೆ ಎಷ್ಟು ಎಂದರೆ ‘ಸೊನ್ನೆ’ ಅನ್ನುತ್ತಾರೆ. ಮಗ್ಗುಲು ತಿರುಗಿಸಿದರೆ ಹಲ್ಲು ಕಚ್ಚುತ್ತಾರೆ. ನೋವಿರಬೇಕು ಎಂದೆ, ಆಸ್ಪತ್ರೆಯವರು ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದರು. ನಾನು ಏಳನೇ ಕ್ಲಾಸಿನವಳು. ತಪ್ಪು ತಿಳಿದೆನೇ?”

ಇಲ್ಲ ಸೋದರಿ. ಆ ವಾರ್ಡಿನಲ್ಲಿ ಬರೆದಿಡಬೇಕಾಗಿದ್ದ ಮುಖ್ಯ ಸಂಗತಿಯನ್ನು ನೀವೇ ಕಂಡಿದ್ದೀರಿ. ಏಳನೇ ಕ್ಲಾಸಿನ ಮಾತು ಮಾತ್ರ ಇನ್ನೊಮ್ಮೆ ಎತ್ತಬೇಡಿ. ವರ್ಷಗಟ್ಟಲೆ ದಿನವೂ ಬಡಿಸಿ ನೋಡಿದ ಮುಖ ಅದು. ಅದರ ಎಂದಿನ ಕಳೆ ಯಾವುದು, ಇಂದಿನದು ಯಾವುದು ಎಂದು ಪಾಳಿ ಬದಲಾದಂತೆ ಬರುವವರಿಗೆ ತಿಳಿಯುವುದು ಹೇಗೆ?

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವು ಆಸ್ಪತ್ರೆಯೊಳಗೂ ಒಯ್ದಿದ್ದೇವೆ. ವಯಸ್ಸಿನ ಮರೆವು ತಿಂಗಳು, ವರ್ಷಗಳಲ್ಲಿ ಬರುತ್ತದೆ. ಮೂರು ದಿನದಲ್ಲಿ ಬಂದು, ಬೆಳಿಗ್ಗೆ ಇಳಿದು ರಾತ್ರಿಗೆ ಏರುವುದು ಸನ್ನಿ. ವೈದ್ಯರು ಡೆಲಿರಿಯಂ ಎನ್ನುವುದು ಇದನ್ನೇ. ಸನ್ನಿಯನ್ನು ಗುರುತಿಸಲು 1990ರಲ್ಲಿ ಬಂದ ‘ಕ್ಯಾಮ್’ ಪರೀಕ್ಷೆ ಮೊದಲು ನೋಡುವುದು ಎರಡನ್ನು: ದಿಢೀರನೆ ಬಂದು ಏರಿಳಿಯುತ್ತಿದೆಯೇ, ಗಮನ ನಿಲ್ಲುತ್ತಿಲ್ಲವೇ. ಇವೆರಡರ ಜೊತೆಗೆ ಮಾತು ಹಳಿ ತಪ್ಪಿದ್ದರೆ, ಇಲ್ಲವೇ ಎಚ್ಚರ ಏರುಪೇರಾಗಿದ್ದರೆ ಅದು ಸನ್ನಿ. ಗಮನವೇ ಕೈಕೊಟ್ಟವರಿಗೆ ‘ಹತ್ತಕ್ಕೆ ಎಷ್ಟು’ ಎಂಬುದು ಕಷ್ಟದ ಲೆಕ್ಕ. ಅವರ ಬಾಯಿಂದ ಬಂದ ಸೊನ್ನೆ ಅಳತೆಯಲ್ಲ.

ಹಾಗೆಂದು ಕೇಳುವುದನ್ನೇ ಬಿಡಬಾರದು. ಸನ್ನಿ ಇಳಿದ ಹೊತ್ತು ನೋಡಿ, ಕನ್ನಡಕ ಹಾಕಿಸಿ, ಸೊಂಟದ ಮೇಲೆ ಕೈಯಿಟ್ಟು, ‘ಇಲ್ಲಿ ನೋಯ್ತದಾ?’ ಎಂದು ಒಂದೇ ಪ್ರಶ್ನೆ ಕೇಳಿ ಕಾಯಬೇಕು. ‘ನೋವಿಲ್ಲ’ ಎಂದವರೇ ‘ಸೆಳೆತ ಉಂಟು’, ‘ಉರಿ’, ‘ಸಿಡಿತ’ ಎನ್ನುವುದುಂಟು. ಅದನ್ನೂ ಕೇಳಿ.

ಉತ್ತರ ಬಾರದಿದ್ದರೆ ಮೈ ನೋಡಿ ತಿಳಿಯಬೇಕು. ಮೈ ನೋಡಿ ನೋವು ಅಂದಾಜಿಸುವ 2003ರ ‘ಪೇನ್‌ಆಡ್’ ಪಟ್ಟಿಯಲ್ಲಿ ಐದು ಅಂಶಗಳಿವೆ: ಉಸಿರು, ನರಳಿಕೆ, ಮುಖ, ಮೈಯ ಬಿಗಿತ, ಸಮಾಧಾನಪಡಿಸಿದರೆ ಸುಮ್ಮನಾಗುತ್ತಾರೋ ಇಲ್ಲವೋ ಎಂಬುದು. ಒಂದೊಂದಕ್ಕೆ 0ಯಿಂದ 2, ಒಟ್ಟು 10. ಮಲಗಿದ್ದಾಗ ಐದು ನಿಮಿಷ ನೋಡಿ, ಮಗ್ಗುಲು ತಿರುಗಿಸುವಾಗ ಮತ್ತೆ ನೋಡಬೇಕು. ಮೂಳೆಯ ನೋವು ಎಷ್ಟೋ ಸಲ ಅಲುಗಾಡಿದಾಗಲೇ ಹೊರಬೀಳುವುದು. ಬಾಗಿಲಲ್ಲಿ ನಿಂತು ಹಾಕಿದ ಅಂಕಕ್ಕೆ ಬೆಲೆಯಿಲ್ಲ. ಆದರೆ ಈ ಪಟ್ಟಿ ಮಾಡಿದ್ದು ಮರೆವಿನ ಕಾಯಿಲೆಯವರಿಗಾಗಿ. ನೋವಿಲ್ಲದೆಯೂ ಸನ್ನಿ ನರಳಿಸುತ್ತದೆ, ಹೊದಿಕೆ ಕೀಳಿಸುತ್ತದೆ. ಮಂಕಾಗಿ ಬಿದ್ದಿರುವ ಬಗೆಯ ಸನ್ನಿಯಲ್ಲಿ ನೋವಿದ್ದರೂ ಮುಖದಲ್ಲಿ ಕಾಣದೆ ಹೋಗಬಹುದು. ಹಾಗಾಗಿ ಅಂಕ ಬರೀ ಸುಳಿವು.

ಆಮೇಲೆ ಕೈಯಾಡಿಸಿ ನೋಡುವ ಕೆಲಸ. ಕಿಬ್ಬೊಟ್ಟೆ ಉಬ್ಬಿದೆಯೇ? ಪ್ರಾಸ್ಟೇಟ್ ರೋಗಿಯಲ್ಲಿ ಮೊದಲ ಅನುಮಾನ ಮೂತ್ರ ಕಟ್ಟಿದ್ದರ ಮೇಲೇ ಬರಬೇಕು. ನಳಿಕೆ ಹಾಕಿದ್ದರೂ ಅದು ಮಡಚಿಕೊಂಡಿರಬಹುದು. ಮಲ ಹೋಗಿ ಎಷ್ಟು ದಿನ? ಟೊಂಕ, ಹಿಮ್ಮಡಿಯಲ್ಲಿ ಹುಣ್ಣಾಗಿದೆಯೇ? ತೊಡೆಯ ಮೂಳೆ ಮುರಿದಿದೆಯೇ? ಸೋಂಕು, ರಕ್ತದ ಕ್ಯಾಲ್ಸಿಯಂ, ಸೋಡಿಯಂಗಳ ಏರುಪೇರು ಕೂಡ ಸನ್ನಿ ತರಿಸುತ್ತವೆ.

ಇಂಥ ತೀವ್ರ ನೋವಿಗೆ ಕೊಡುವ ಔಷಧಿ ಮಾರ್ಫಿನ್. ಅದೆಂದರೆ ಹಿಂಜರಿಯುವ ವೈದ್ಯರಿಗೂ ಕಾರಣವಿದೆ. ಮೂತ್ರಪಿಂಡ ಸೋತಿದ್ದರೆ ಮಾರ್ಫಿನ್ನಿನ ಉಳಿಕೆ ಮೈಯಲ್ಲಿ ಸೇರಿ ಕೈಕಾಲು ಪಟ್ಟನೆ ಸಿಡಿಯುತ್ತವೆ, ಇಲ್ಲದ ಹುಳ ಕಾಣುತ್ತದೆ, ಮುಟ್ಟಿದರೂ ನೋಯುತ್ತದೆ. ಇದನ್ನೇ ನೋವು ಹೆಚ್ಚಾಯಿತೆಂದು ಬಗೆದು ಡೋಸ್ ಏರಿಸಿದರೆ ಸನ್ನಿಯೂ ಏರುತ್ತದೆ. ಆಗ ಡೋಸ್ ಇಳಿಸಬೇಕು, ಇಲ್ಲವೇ ಔಷಧಿ ಬದಲಿಸಬೇಕು. ಸರಿ. ಆದರೆ ಆ ಭಯಕ್ಕೆ ನಿದ್ದೆಯ ಇಂಜೆಕ್ಷನ್ ಕೊಟ್ಟು ಕೈತೊಳೆದುಕೊಂಡರೆ ನರಳಿಕೆ ನಿಲ್ಲುತ್ತದೆ, ನೋವು ಅಲ್ಲೇ ಇರುತ್ತದೆ. ಅನುಮಾನವಿದ್ದರೆ ನೋವಿನ ಔಷಧಿ ಕೊಟ್ಟು, ಬಾಯಿಗೆ ಕೊಟ್ಟಿದ್ದಾದರೆ ಒಂದು ಗಂಟೆ ಬಿಟ್ಟು, ಮೊದಲು ನೋಡಿದವರೇ ಅದೇ ಪಟ್ಟಿ ಹಿಡಿದು ಮತ್ತೆ ನೋಡಲಿ.

ಮಾತಿನಲ್ಲಿ ಹೇಳುವುದು ನೋವು ತೋರಿಸುವ ಹಲವು ಬಗೆಗಳಲ್ಲಿ ಒಂದು ಮಾತ್ರ ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲೇ ಸ್ಪಷ್ಟಪಡಿಸಿದೆ. ನಮ್ಮ ಕೇಸ್ ಶೀಟಿನಲ್ಲಿ ಬಿಪಿಗೆ ಜಾಗವುಂಟು, ಜ್ವರಕ್ಕೆ ಉಂಟು. ಸೊಸೆ ಕಂಡದ್ದಕ್ಕೆ ಒಂದು ಗೆರೆ ಏಕಿಲ್ಲ? ಮಾರ್ಫಿನ್ ಸುಲಭವಾಗಿ ಸಿಗಲೆಂದು 2014ರಲ್ಲಿ ಮಾದಕವಸ್ತು ಕಾಯ್ದೆಯನ್ನೇ ತಿದ್ದಿದರು. ಆದರೂ ಆಗುಂಬೆ, ಹೊಸನಗರದ ಒಳಹಳ್ಳಿಯವರು ಒಂದು ಸ್ಟ್ರಿಪ್ ಮಾತ್ರೆಗೆ ಶಿವಮೊಗ್ಗದ ಬಸ್ಸು ಹತ್ತಬೇಕೆಂದರೆ ಆ ತಿದ್ದುಪಡಿ ತಲುಪಿದ್ದು ಯಾರನ್ನು?

ನೀವು ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆ, ಆಗ ಏನು ಮಾಡಿಸುತ್ತಿದ್ದಿರಿ, ಮುಖ ಹೇಗಿತ್ತು, ಔಷಧಿ ಕೊಟ್ಟು ಎಷ್ಟು ಹೊತ್ತಾಗಿತ್ತು ಎಂದು ಕನ್ನಡದಲ್ಲೇ ಬರೆದು, ರೌಂಡ್ಸಿಗೆ ಬಂದ ಡಾಕ್ಟರ ಕೈಗೆ ಕೊಡಿ. ಮೈ ಒರೆಸುವುದಕ್ಕೂ ಮಗ್ಗುಲು ತಿರುಗಿಸುವುದಕ್ಕೂ ಅರ್ಧ ಗಂಟೆ ಮೊದಲೇ ಒಂದು ಡೋಸ್ ಕೊಡಬಹುದೇ ಎಂದು ಕೇಳಿ.