ಎತ್ತರ ಆಗಬಾರದು ಅಂತ ಊಟ ಬಿಟ್ಟ ಹುಡುಗಿ

(ಗುರುತು ಸಿಗದ ಹಾಗೆ ಊರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ.)

ಜೂನ್ ತಿಂಗಳ ಒಂದು ಮಳೆಯ ದಿನ ತೀರ್ಥಹಳ್ಳಿ ಕಡೆಯಿಂದ ತಾಯಿ, ಮಗಳು ಆಪ್ತಸಮಾಲೋಚನೆಗೆ ಅಂತ ಶಿವಮೊಗ್ಗಕ್ಕೆ ನನ್ನನ್ನು ನೋಡಲು ಬಂದರು. ಪುಟ್ಟಿಗೆ ಹತ್ತು ವರ್ಷ. ಛತ್ರಿ ಮಡಚುತ್ತಲೇ ತಾಯಿ ಶುರು ಮಾಡಿದರು. "ಊಟ ಬಿಟ್ಟಿದಾಳೆ ಮೇಡಂ. ಎಂತ ಕೇಳಿದ್ರೂ ಹಸಿವಿಲ್ಲ ಅಂತಾಳೆ. ಸುಮ್ನೆ ಸುಮ್ನೆ ಅಳ್ತಾಳೆ. ಅದು ನಿಜವಾದ ಅಳುವೋ ಆ್ಯಕ್ಟಿಂಗೋ ನಂಗೇ ಗೊತ್ತಾಗಲ್ಲ."

ಇದನ್ನು ಮಗಳ ಎದುರೇ ಹೇಳಿದರು. ಪುಟ್ಟಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದಳು.

ಪುಟ್ಟಿ ಏಳನೇ ವಯಸ್ಸಿನಿಂದ ಒಂದು ಧಾರಾವಾಹಿಯಲ್ಲಿ ನಾಯಕಿಯ ಮಗಳಾಗಿ ನಟಿಸುತ್ತಿದ್ದಳು. ಅವಳಿಗಾಗಿ ತಾಯಿ ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿದ್ದರು. ಅಪ್ಪ, ಅಜ್ಜಿ ಊರಲ್ಲಿ. ಎಲೆಚುಕ್ಕಿ ರೋಗ ಬಂದು ಅಡಿಕೆ ಫಸಲು ಕೈಕೊಟ್ಟ ಮೇಲೆ ಮನೆ ನಡೆದಿದ್ದು ಪುಟ್ಟಿಯ ದುಡ್ಡಲ್ಲಿ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು. ಹೋದ ಫೆಬ್ರವರಿಯಲ್ಲಿ ಕಥೆ ಒಂದೇ ಸಲಕ್ಕೆ ಹನ್ನೆರಡು ವರ್ಷ ಮುಂದೆ ಹೋಯಿತು. ಅದೇ ಪಾತ್ರಕ್ಕೆ ದೊಡ್ಡ ಹುಡುಗಿ ಬಂದಳು. ಮ್ಯಾನೇಜರ್ ಫೋನ್ ಮಾಡಿ "ನಾಳೆಯಿಂದ ಬರೋದು ಬೇಡ" ಅಂದರಂತೆ. ಮೂರು ವರ್ಷದ ಕೆಲಸ ಹೀಗೆ ಮುಗಿಯಿತು.

ಎರಡನೇ ಸಲ ಪುಟ್ಟಿಯ ಜೊತೆ ಒಬ್ಬಳೇ ಕೂತೆ. ಸೆಟ್ಟಿನ ವಿಷಯ ತೆಗೆದರೆ ಮುಖ ಅರಳುತ್ತದೆ. "ನಂಗೆ ಗ್ಲಿಸರಿನ್ ಬೇಡ ಆಂಟಿ. ನಮ್ಮ ಗೌರಿ ದನ ಸತ್ತಿದ್ದು ನೆನೆಸ್ಕೊಂಡ್ರೆ ಸಾಕು." ನಾನು ಕೇಳದೇ ಮಾಡಿಯೂ ತೋರಿಸಿದಳು. ಹತ್ತು ಎಣಿಸುವಷ್ಟರಲ್ಲಿ ಕಣ್ಣು ತುಂಬಿತು. ಫ್ರಾಕಿನ ತೋಳಲ್ಲಿ ಒರೆಸಿಕೊಂಡು, "ಓಕೆನಾ?" ಅಂದಳು. ಆ 'ಓಕೆನಾ' ಕೇಳಿ ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಮೆಲ್ಲಗೆ ಕೇಳಿದಳು, "ಆಂಟಿ, ಊಟ ಕಮ್ಮಿ ಮಾಡಿದ್ರೆ ಎತ್ತರ ಆಗಲ್ಲ, ಅಲ್ವಾ?"

ಅವಳ ಲೆಕ್ಕ ಹೀಗಿತ್ತು. ಮುಂದಿನ ಹಲ್ಲು ಬಿದ್ದ ದಿನ ಶೂಟಿಂಗ್ ನಿಂತು ಎಲ್ಲರೂ ಬೇಜಾರು ಮಾಡಿಕೊಂಡಿದ್ದರು. ಆಮೇಲೆ ಫ್ರಾಕಿನ ಅಂಚನ್ನು ಎರಡು ಸಲ ಬಿಚ್ಚಿ ಉದ್ದ ಮಾಡಬೇಕಾಯಿತು. ಕಾಸ್ಟ್ಯೂಮಿನವರು ನಗುತ್ತಾ "ಇವ್ಳು ಬೆಳೀತಾನೇ ಇದಾಳಲ್ಲ" ಅಂದಿದ್ದರು. ಅದಾಗಿ ತಿಂಗಳಿಗೆ ಕೆಲಸ ಹೋಯಿತು. ಹಾಗಾದರೆ ತಪ್ಪು ಯಾರದ್ದು? ಬೆಳೆದವಳದ್ದೇ.

ನಾನು ಮೊದಲು ಹೇಳಿದ್ದು ಮಕ್ಕಳ ಡಾಕ್ಟರಿಗೆ ತೋರಿಸಿ ಅಂತ. ನಾಲ್ಕು ತಿಂಗಳಲ್ಲಿ ಮೂರು ಕೆಜಿ ಇಳಿದಿತ್ತು. ಬೆಳೆಯುವ ಮಗುವಿನ ತೂಕ ಇಳಿದರೆ ಬರೀ ಮಾತಲ್ಲಿ ಸರಿಮಾಡಲು ಹೊರಡಬಾರದು.

ಮುಂದಿನ ಸಲ ಅಪ್ಪನನ್ನೂ ಕರೆಸಿದೆ. ಕಥೆ ಬದಲಾಗಿದ್ದಕ್ಕೆ ಕೆಲಸ ಮುಗಿಯಿತು, ನಿನ್ನ ತಪ್ಪಿಲ್ಲ ಅಂತ ಅವಳಿಗೆ ನೀವೇ ಹೇಳಿ ಅಂದೆ. ನನ್ನ ಬಾಯಲ್ಲಿ ಕೇಳಿದರೆ ಅವಳು ನಂಬುವುದಿಲ್ಲ. ಇನ್ನೊಂದು ಮಾತನ್ನು ಅಪ್ಪನೇ ಆಡಬೇಕಿತ್ತು: "ಮನೆ ನಡೆಸೋದು ನನ್ನ ಕೆಲಸ, ನಿಂದಲ್ಲ." ಅದನ್ನು ಹೇಳಲು ಅವರಿಗೆ ಅರ್ಧ ಗಂಟೆ ಬೇಕಾಯಿತು. ಎರಡು ಸಲ ಎದ್ದು ಹೊರಗೆ ಹೋಗಿ ಬಂದರು. ಹೇಳಿದಾಗ ಪುಟ್ಟಿ ಅಳಲಿಲ್ಲ. ಅಮ್ಮನ ಬ್ಯಾಗಲ್ಲಿ ತಿನ್ನಲು ಏನಿದೆ ಅಂತ ಹುಡುಕಿದಳು.

ತಾಯಿಗೆ ಹೇಳಿದ್ದು ಬೇರೆ. ಅಳು ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಬೇಡಿ, ಅತ್ತರೆ ಪಕ್ಕ ಕೂತುಕೊಳ್ಳಿ. ಮದುವೆ ಮನೆಯಲ್ಲಿ ಯಾರಾದರೂ "ಒಂದು ಡೈಲಾಗ್ ಹೇಳು" ಅಂದರೆ ನೀವೇ ಬೇಡ ಅನ್ನಿ. ಪಾತ್ರದ ಹೆಸರಲ್ಲಿ ಕರೆಯುವವರಿಗೆ ಸ್ವಂತ ಹೆಸರು ನೆನಪಿಸಿ. ಅವಳ ಅಜ್ಜಿಯೂ ಪಾತ್ರದ ಹೆಸರಲ್ಲೇ ಕರೆಯುತ್ತಿದ್ದರು!

ಅಷ್ಟರಲ್ಲಿ ಒಂದು ಸಿನಿಮಾದಿಂದ ಕರೆ ಬಂದಿತ್ತು. ಒಪ್ಪಬೇಕಾ ಅಂತ ಅಪ್ಪ ಕೇಳಿದರು. ನಟನೆ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳುವುದಿಲ್ಲ, ಪುಟ್ಟಿಗೆ ಅದು ಇಷ್ಟ ಕೂಡ. ಆದರೆ ನಿಯಮ ತಿಳಿದಿರಲಿ ಅಂದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ಅದರ ನಿಯಮಗಳು ಬಂದವು. 14 ವರ್ಷದೊಳಗಿನ ಮಗುವನ್ನು ನಟನೆಗೆ ಬಳಸಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ತೆಗೆದುಕೊಳ್ಳಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ದುಡಿಮೆಯ ಕನಿಷ್ಠ 20 ಭಾಗ, ಅಂದರೆ ನೂರಕ್ಕೆ ಇಪ್ಪತ್ತು ರೂಪಾಯಿ, ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ಮಾಡಿಸುವಂತೆಯೇ ಇಲ್ಲ.

"ಠೇವಣಿನಾ?" ಅಂತ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೂರು ವರ್ಷದ ಹಣವೆಲ್ಲ ಅಪ್ಪನ ಖಾತೆಗೇ ಬಂದು ಕರಗಿತ್ತು. ಕೈಲಾದಷ್ಟು ಈಗಲೇ ಅವಳ ಹೆಸರಲ್ಲಿ ಕಟ್ಟಲು ಶುರು ಮಾಡಿ, ಪಾಸ್‌ಬುಕ್ಕನ್ನು ಅವಳ ಕೈಗೇ ಕೊಡಿ ಅಂದೆ.

ಸೆಪ್ಟೆಂಬರಿನಲ್ಲಿ ಮತ್ತೆ ಬಂದಾಗ ತೂಕ ಒಂದೂವರೆ ಕೆಜಿ ಏರಿತ್ತು. ಪ್ರತಿಭಾ ಕಾರಂಜಿಗೆ ಛದ್ಮವೇಷ ಮಾಡು ಅಂತ ಟೀಚರ್ ಹೇಳಿದರೂ ಇವಳು ಭಾವಗೀತೆಗೆ ಸೇರಿದ್ದಳು. "ಶ್ರುತಿ ತಪ್ಪೋಯ್ತು ಆಂಟಿ, ಪ್ರೈಜೇ ಬರ್ಲಿಲ್ಲ" ಅಂತ ಬಿದ್ದು ಬಿದ್ದು ನಕ್ಕಳು. ಸಿನಿಮಾ ವಿಷಯ ಕೇಳಿದರೆ, "ಯೋಚ್ನೆ ಮಾಡ್ತಾ ಇದೀನಿ."

ಅಪ್ಪ ಮಾತ್ರ ದಿನಕ್ಕೆ ಎರಡು ಸಲ "ಯೋಚ್ನೆ ಆಯ್ತಾ?" ಅಂತ ಕೇಳುತ್ತಾರಂತೆ. ಮುಂದಿನ ವಾರ ಅವರೊಬ್ಬರೇ ಬರಲಿ ಅಂತ ಹೇಳಿ ಕಳಿಸಿದ್ದೇನೆ.